ಕ್ವೇಸಾರ್ ಬೆಳಕಿನಲ್ಲಿ ದೂರದ ಗ್ಯಾಲಕ್ಸಿಗಳ ಅನಿಲ: ದಾವಣಗೆರೆಯ ಒಂದು ರೋಹಿತ ಸೆಟಪ್, ಟ್ಯೂಬಿನಿಂದ ಲೆಕ್ಕದವರೆಗೆ

ಗ್ಯಾಲಕ್ಸಿಯ ನಕ್ಷತ್ರಗಳು ಮುಗಿದ ಕಡೆ ಅದರ ಅನಿಲ ಮುಗಿಯುವುದಿಲ್ಲ. ಲಕ್ಷಗಟ್ಟಲೆ ಜ್ಯೋತಿರ್ವರ್ಷ ಆಚೆಗೂ ತೆಳ್ಳಗೆ ಹರಡಿಕೊಂಡಿರುತ್ತದೆ, ತಾನಾಗಿ ಬೆಳಗುವುದು ಮಾತ್ರ ತೀರಾ ಕಮ್ಮಿ. ಅದೇ ದಿಕ್ಕಿನಲ್ಲಿ ಇನ್ನೂ ಹಿಂದೆ ಒಂದು ಕ್ವೇಸಾರ್ (ಕಪ್ಪುಕುಳಿಯ ಸುತ್ತಲಿನ ಅನಿಲದಿಂದ ಹೊಳೆಯುವ, ಬಹುದೂರದ ಗ್ಯಾಲಕ್ಸಿ ಕೇಂದ್ರ) ಇದ್ದರೆ, ಅದರ ಬೆಳಕು ಈ ಅನಿಲವನ್ನು ಹಾದು ಬರುವಾಗ ನಿರ್ದಿಷ್ಟ ತರಂಗಾಂತರಗಳಲ್ಲಿ ತಗ್ಗು ಬೀಳುತ್ತದೆ. ಇಂಥ ತಗ್ಗುಗಳು ಗ್ಯಾಲಕ್ಸಿಗಳ ವಿಶಾಲ ಹೊರವಲಯದಿಂದ ಬರುತ್ತವೆ ಎಂದು ಜಾನ್ ಬಕಾಲ್ ಮತ್ತು ಲೈಮನ್ ಸ್ಪಿಟ್ಜರ್ 1969ರಲ್ಲೇ ಹೇಳಿದ್ದರು. 1986ರಲ್ಲಿ ಜಾಕ್ಲೀನ್ ಬರ್ಜೆರಾನ್ ರೆಡ್‌ಶಿಫ್ಟ್ (ದೂರದ ಬೆಳಕಿನ ತರಂಗಾಂತರ ಎಷ್ಟು ಪಾಲು ಉದ್ದವಾಗಿದೆ ಎಂಬ ಅಳತೆ) 0.43ರ ಒಂದು ಮೆಗ್ನೀಸಿಯಂ ತಗ್ಗಿಗೆ ಕಾರಣವಾದ ಗ್ಯಾಲಕ್ಸಿಯನ್ನೇ ಹಿಡಿದು ತೋರಿಸಿದರು.

ಇಲ್ಲಿನ ಕೆಲಸಕ್ಕೆ ಎರಡು ಭಾಗ. ಮೊದಲನೆಯದು 200 ಮಿ.ಮೀ. ನ್ಯೂಟೋನಿಯನ್ ದೂರದರ್ಶಕಕ್ಕೆ ಮಿ.ಮೀ.ಗೆ 100 ಗೆರೆಯ ಗ್ರೇಟಿಂಗ್ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗೆರೆಗಾಜು) ಕೂರಿಸಿ 3ಸಿ 273 ಎಂಬ ಕ್ವೇಸಾರ್‌ನ ರೋಹಿತ, ಅಂದರೆ ತರಂಗಾಂತರವಾರು ಬಿಡಿಸಿದ ಬೆಳಕು, ತೆಗೆಯುವುದು. ಎರಡನೆಯದು, ಲಕ್ಷಾಂತರ ಗ್ಯಾಲಕ್ಸಿ, ಕ್ವೇಸಾರ್‌ಗಳ ರೋಹಿತ ತೆಗೆದಿರುವ ಸ್ಲೋನ್ ಸರ್ವೆಯ ಸಾರ್ವಜನಿಕ ಕಡತಗಳಲ್ಲಿ ಮೆಗ್ನೀಸಿಯಂ ತಗ್ಗುಗಳನ್ನು ಹುಡುಕಿ ಅಳೆಯುವುದು. ಮೊದಲ ಭಾಗದಲ್ಲಿ ಅನಿಲ ಕಾಣುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಗಟ್ಟಿಯಾದ ಮೆಗ್ನೀಸಿಯಂ ತಗ್ಗಿನ ಅಗಲ ಅದರ ಸ್ವಸ್ಥಾನದಲ್ಲಿ (ಅನಿಲ ಇರುವಲ್ಲೇ ಅಳೆದರೆ) 1 ಆಂಗ್‌ಸ್ಟ್ರಾಮ್ (ಮಿ.ಮೀ.ನ ಕೋಟಿಯಲ್ಲಿ ಒಂದು ಪಾಲು) ಆಸುಪಾಸು, ರೆಡ್‌ಶಿಫ್ಟ್ 1ರಲ್ಲಿ ಅದು 2 ಆಂಗ್‌ಸ್ಟ್ರಾಮ್ ಆಗಿ ಕಾಣುತ್ತದೆ. ನಮ್ಮ ಗ್ರೇಟಿಂಗಿನ ಒಂದು ಪಿಕ್ಸೆಲೇ 6.27 ಆಂಗ್‌ಸ್ಟ್ರಾಮ್. ಆದರೂ ಈ ಭಾಗ ಬಿಡುವಂತಿಲ್ಲ, ಯಾಕೆಂದರೆ ರೋಹಿತದಲ್ಲಿ ಕಾಣುವ ತಗ್ಗುಗಳಲ್ಲಿ ಬಹುಪಾಲು ಅನಿಲದ್ದಲ್ಲ. ಕ್ಯಾಮೆರಾದ ಧೂಳು ಪಿಕ್ಸೆಲ್ಲಿಗೆ ಅಂಟಿಕೊಂಡಿರುತ್ತದೆ. ನಮ್ಮ ತಲೆ ಮೇಲಿನ ಗಾಳಿ ತರಂಗಾಂತರಕ್ಕೆ ಅಂಟಿಕೊಂಡಿರುತ್ತದೆ. ದೂರದ ಅನಿಲ ಮಾತ್ರ ತನ್ನ ಎಲ್ಲ ಗೆರೆಗಳನ್ನೂ ಒಂದೇ ಗುಣಕದಿಂದ ಸರಿಸುತ್ತದೆ. ಈ ಮೂರನ್ನು ಬೇರೆ ಮಾಡುವುದು ಸ್ವಂತ ಕ್ಯಾಮೆರಾದಲ್ಲಿ ಕೈಗೆ ಬಂದರೆ ಕಡತದ ರೋಹಿತ ಓದುವ ಕಣ್ಣೂ ಬರುತ್ತದೆ.

ಗ್ರೇಟಿಂಗ್ ಟ್ಯೂಬ್

ಬೇಕಾದ್ದು: 200 ಮಿ.ಮೀ. ಎಫ್/5 ನ್ಯೂಟೋನಿಯನ್ (ಫೋಕಲ್ ಲೆಂಗ್ತ್ 1000 ಮಿ.ಮೀ.), 1.25 ಇಂಚಿನ ಫಿಲ್ಟರ್ ಚೌಕಟ್ಟಿನಲ್ಲಿ ಬರುವ ಸ್ಟಾರ್ ಅನಲೈಸರ್ 100 ಗ್ರೇಟಿಂಗ್, 3.76 ಮೈಕ್ರಾನ್ ಪಿಕ್ಸೆಲ್‌ನ ಮೋನೋ ಕ್ಯಾಮೆರಾ. ಕಲರ್ ಕ್ಯಾಮೆರಾದಲ್ಲೂ ಕೆಲಸ ಆಗುತ್ತದೆ, ಆದರೆ ಹಲವು ಕಲರ್ ಕ್ಯಾಮೆರಾಗಳಲ್ಲಿರುವ ಇನ್‌ಫ್ರಾರೆಡ್ ತಡೆಯುವ ಗಾಜು 7000 ಆಂಗ್‌ಸ್ಟ್ರಾಮ್ ಆಚೆಗಿನ ಬೆಳಕನ್ನು ತಿಂದು ಹಾಕುತ್ತದೆ. 3ಸಿ 273ರ ಅತಿ ಗಟ್ಟಿ ಗೆರೆ ಇರುವುದೇ ಆ ಕಡೆ.

ಗ್ರೇಟಿಂಗಿನಿಂದ ಸೆನ್ಸರ್‌ಗೆ ಎಷ್ಟು ದೂರ ಇಡಬೇಕು ಅನ್ನುವುದು ಮುಖ್ಯ ನಿರ್ಧಾರ. ಲೆಕ್ಕ ಸುಲಭ: ಪಿಕ್ಸೆಲ್ ಅಳತೆಯನ್ನು (ಮೈಕ್ರಾನ್) 10000ದಿಂದ ಗುಣಿಸಿ, ಬಂದದ್ದನ್ನು ದೂರ (ಮಿ.ಮೀ.) ಮತ್ತು ಗೆರೆಸಂಖ್ಯೆಯ ಗುಣಲಬ್ಧದಿಂದ ಭಾಗಿಸಿದರೆ ಪ್ರತಿ ಪಿಕ್ಸೆಲ್ಲಿಗೆ ಎಷ್ಟು ಆಂಗ್‌ಸ್ಟ್ರಾಮ್ ಅನ್ನುವುದು ಸಿಗುತ್ತದೆ. 60 ಮಿ.ಮೀ. ದೂರಕ್ಕೆ 6.27. ಕ್ವೇಸಾರ್‌ನ ನೇರ ಬಿಂಬದಿಂದ 7600 ಆಂಗ್‌ಸ್ಟ್ರಾಮ್‌ವರೆಗೆ ಸುಮಾರು 1212 ಪಿಕ್ಸೆಲ್ ಆಗುತ್ತದೆ. 3008 ಪಿಕ್ಸೆಲ್ ಅಗಲದ ಸೆನ್ಸರ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ, ಅಕ್ಕಪಕ್ಕ ಜಾಗವೂ ಉಳಿಯುತ್ತದೆ. ದೂರ ಇನ್ನೂ ಹೆಚ್ಚಿಸಿದರೆ ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿಹೋಗಿ ಮಂಕಾಗುತ್ತದೆಯೇ ಹೊರತು ಗೆರೆಗಳು ಅಷ್ಟೇನೂ ಚುರುಕಾಗುವುದಿಲ್ಲ. ಒಮ್ಮುಖವಾಗಿ ಬರುವ ಬೆಳಕಿನಲ್ಲಿ ಗ್ರೇಟಿಂಗ್ ಇಟ್ಟಾಗ ಹುಟ್ಟುವ ಕೋಮಾ (ಬಿಂಬ ಒಂದು ಬದಿಗೆ ಬಾಲದಂತೆ ಹರಡುವ ದೋಷ) ಅದಕ್ಕೆ ಕಾರಣ. ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬೆಳೆಯುವ ಹರಡುವಿಕೆ ಅದು, ಎಫ್/10ರಲ್ಲಿ ಇರುವುದರ ನಾಲ್ಕು ಪಟ್ಟು ಎಫ್/5ರಲ್ಲಿ ಇರುತ್ತದೆ. 3ಸಿ 273ರ ಹೈಡ್ರೋಜನ್ ಗೆರೆಗಳೇ 60 ಆಂಗ್‌ಸ್ಟ್ರಾಮ್ ಆಸುಪಾಸು ಅಗಲ ಇರುವುದರಿಂದ ಈ ಕೆಲಸಕ್ಕೆ ಅದು ಅಡ್ಡಿಯಾಗುವುದಿಲ್ಲ.

60 ಮಿ.ಮೀ.ಯಲ್ಲಿ ಕ್ಯಾಮೆರಾ ಬಾಯಿಯಿಂದ ಸೆನ್ಸರ್‌ಗೆ 17.5 ಹೋದರೆ ಉಳಿಯುವುದು 42.5. ಈ 42.5ನ್ನು ಕ್ಯಾಮೆರಾ ಮತ್ತು ಫೋಕಸರ್ ನಡುವೆ ಸ್ಪೇಸರ್ ಆಗಿ ಹಾಕಬೇಡಿ. ಕಣ್ಣಿನಿಂದ ನೋಡಲು ಮಾಡಿದ ನ್ಯೂಟೋನಿಯನ್‌ಗಳಲ್ಲಿ ಫೋಕಸರ್ ಒಳಕ್ಕೆ ಹೋಗುವ ಜಾಗ ಮೊದಲೇ ಕಮ್ಮಿ. ಕ್ಯಾಮೆರಾ ಹೊರಗೆ ಸರಿದರೆ ಫೋಕಸ್ಸೇ ಸಿಗುವುದಿಲ್ಲ. ಕ್ಯಾಮೆರಾ ಬಾಯಿಗೆ ಕೂರಿಸುವ ನಳಿಕೆಯನ್ನೇ ಉದ್ದ ಮಾಡಿ, ಅದು ಫೋಕಸರ್ ಒಳಗೆ ಇಳಿಯುವಂತೆ, ಗ್ರೇಟಿಂಗ್ ಅದರ ತುದಿಗೆ ಬರುವಂತೆ ಮಾಡಬೇಕು. ಆಗ ಕ್ಯಾಮೆರಾ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಈ ನಳಿಕೆಗೆ ಬೇಕಾದ ಅಲ್ಯೂಮಿನಿಯಂ ಟ್ಯೂಬನ್ನು ದಾವಣಗೆರೆಯ ಯಾವುದೇ ಲೇಥ್ ಅಂಗಡಿಯಲ್ಲಿ ತಿರುಗಿಸಿ ಕೊಡುತ್ತಾರೆ. ಹೊರ ಅಳತೆ 31.7 ಮಿ.ಮೀ., ಒಳ ಬೋರ್ 27. ತೊಂದರೆ ಇರುವುದು ಥ್ರೆಡ್‌ನಲ್ಲಿ. ಕ್ಯಾಮೆರಾ ಕಡೆಯದು ಎಂ42, ಪಿಚ್ 0.75, ಅದು ಆಗುತ್ತದೆ. ಫಿಲ್ಟರ್ ಕಡೆಯದು 28.5 ಮಿ.ಮೀ., ಪಿಚ್ 0.6. ಈ 0.6ಕ್ಕೆ ಸರಿಯಾದ ಗೇರ್ ಜೋಡಿ ಇಲ್ಲದ ಲೇಥ್‌ಗಳೇ ಹೆಚ್ಚು. ಹತ್ತಿರದ ಪಿಚ್‌ನಲ್ಲಿ ಕೊರೆದರೆ ಗ್ರೇಟಿಂಗ್ ಎರಡು ಸುತ್ತು ಹೋಗಿ ಬಿಗಿಯುತ್ತದೆ, ಓರೆಯಾಗಿ ನಿಲ್ಲುತ್ತದೆ, ಬಲವಂತ ಮಾಡಿದರೆ ಚೌಕಟ್ಟಿನ ಥ್ರೆಡ್ ಕಿತ್ತುಹೋಗುತ್ತದೆ. ಅದರ ಬದಲು ಹಳೆಯ ಅಗ್ಗದ ಫಿಲ್ಟರ್ ಒಂದರ ಗಾಜು ತೆಗೆದು, ಆ ಬರಿ ರಿಂಗನ್ನು ಟ್ಯೂಬಿನ ತುದಿಗೆ ಅಂಟಿಸುವುದು ಲೇಸು. ಐದು ನಿಮಿಷದ ಎಪಾಕ್ಸಿ ಬೇಡ. ನಿಧಾನಕ್ಕೆ ಗಟ್ಟಿಯಾಗುವ ಮಾಮೂಲಿ ಅರಾಲ್ಡೈಟ್ ಹಾಕಿ ಒಂದು ರಾತ್ರಿ ಬಿಡಿ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬೇಗ ಒಣಗುವ ಅಂಟು ಮೆತ್ತಗಾಗಿ ರಿಂಗ್ ಜಾರುತ್ತದೆ.

ಟ್ಯೂಬಿನ ಒಳಮೈ ಹೊಳೆಯಬಾರದು. ಹೊಳೆಯುವ ಬೋರ್‌ನಿಂದ ರೋಹಿತದ ಪಕ್ಕದಲ್ಲೇ ಒಂದು ಮಸುಕು ಪಟ್ಟಿ ಬೀಳುತ್ತದೆ, ಅದನ್ನು ಹಿನ್ನೆಲೆ ಎಂದು ಕಳೆದರೆ ರೋಹಿತದಲ್ಲಿ ಇಲ್ಲದ ತಗ್ಗು ಹುಟ್ಟುತ್ತದೆ. ಒರಟು ಉಪ್ಪುಕಾಗದದಲ್ಲಿ ಉಜ್ಜಿ ಮ್ಯಾಟ್ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದರೆ ಸಾಕು. ಗ್ರೇಟಿಂಗ್ ಮೇಲಿನ ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿ, ಬಟ್ಟೆ ಮುಟ್ಟಿಸಬೇಡಿ.

ಗ್ರೇಟಿಂಗನ್ನು ತಿರುಗಿಸಿ ರೋಹಿತ ಸೆನ್ಸರ್‌ನ ಅಂಚಿಗೆ ಸಮಾನಾಂತರವಾಗಿ ಬರುವಂತೆ ಮಾಡಿ, ಆಮೇಲೆ ಟ್ಯೂಬಿಗೆ ಎಂ3 ಗ್ರಬ್ ಸ್ಕ್ರೂ ಹಾಕಿ ಕೂರಿಸಬೇಕು. ಇಡೀ ಕ್ಯಾಮೆರಾವನ್ನು ಹೇಗೆ ತಿರುಗಿಸಬೇಕು ಅನ್ನುವುದಕ್ಕೆ ಬೇರೆ ಲೆಕ್ಕ ಇದೆ: ರೋಹಿತ ಉತ್ತರ-ದಕ್ಷಿಣವಾಗಿ ಬೀಳಲಿ. ಆಕಾಶದ ಜೊತೆಗೆ ದೂರದರ್ಶಕವನ್ನು ತಿರುಗಿಸುವ ಮೌಂಟಿನ ಹಲ್ಲುಗಾಲಿಯ ದೋಷ ಪೂರ್ವ-ಪಶ್ಚಿಮವಾಗಿ ಅಲುಗಾಡಿಸುತ್ತದೆ. ರೋಹಿತ ಅದಕ್ಕೆ ಅಡ್ಡಲಾಗಿದ್ದರೆ ಪಟ್ಟಿ ಸ್ವಲ್ಪ ದಪ್ಪವಾಗುತ್ತದೆ ಅಷ್ಟೆ, ತರಂಗಾಂತರ ಕಲಸಿಹೋಗುವುದಿಲ್ಲ.

ಮೌಂಟ್, ಬ್ಯಾಟರಿ, ಜಾಗ

ದಾವಣಗೆರೆ ಇರುವುದು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರವೂ ಅಷ್ಟೇ ಎತ್ತರ, ಅಂದರೆ ತೆಂಗಿನ ಮರದ ಹಿಂದೆ. ಈಕ್ವಟೋರಿಯಲ್ ಮೌಂಟ್ ಕೊಳ್ಳುವ ಮೊದಲು ಅದರ ಅಕ್ಷಾಂಶದ ತಿರುಪು 14ಕ್ಕೆ ಇಳಿಯುತ್ತದೆಯೇ ಎಂದು ನೋಡಿ. ತಂಪು ದೇಶಗಳಿಗೆಂದು ಮಾಡಿದ ಕೆಲವು ಮೌಂಟ್‌ಗಳು ಇಳಿಯುವುದಿಲ್ಲ. ಇಳಿದರೂ ಭಾರದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ನಡುವೆ 15–20 ಸೆಂ.ಮೀ.ನ ಕಂಬದ ತುಂಡು ಹಾಕಬೇಕಾಗುತ್ತದೆ. ಧ್ರುವ ಕಾಣದ ಕಡೆ ಆಕಾಶದ ಮೂರು ಜಾಗದ ಚಿತ್ರ ತೆಗೆದು ಅಕ್ಷ ಸರಿಮಾಡುವ ತಂತ್ರಾಂಶ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ.

ಮೌಂಟ್, ತಣ್ಣಗಿಡುವ ಕ್ಯಾಮೆರಾ, ಇಬ್ಬನಿ ಹೀಟರ್ ಸೇರಿ 3 ಆಂಪಿಯರ್ ಎಂದು ಹಿಡಿದರೆ 6 ಗಂಟೆಗೆ 18 ಆಂಪಿಯರ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 40ರದ್ದು ಬೇಕು. ವೈರ್ ತೆಳುವಾದರೆ ತೊಂದರೆ: 0.5 ಚದರ ಮಿ.ಮೀ. ವೈರ್ 5 ಮೀಟರ್ ಎಳೆದರೆ ಹೋಗಿ ಬರುವ ದಾರಿಯಲ್ಲೇ 1 ವೋಲ್ಟ್ ಬಿದ್ದುಹೋಗುತ್ತದೆ, ರಾತ್ರಿ ಎರಡರ ಹೊತ್ತಿಗೆ ಮೌಂಟ್ ತಾನಾಗೇ ನಿಲ್ಲುತ್ತದೆ. 1.5 ಚದರ ಮಿ.ಮೀ. ಹಾಕಿ. ಅಗ್ಗದ ಇನ್ವರ್ಟರ್ ಮೂಲಕ ಕ್ಯಾಮೆರಾಕ್ಕೆ ಕರೆಂಟ್ ಕೊಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬರಬಹುದು. ನೇರ 12 ವೋಲ್ಟ್ ಕೊಡಿ.

ಜಾಗದ ವಿಷಯ. ಗ್ರೇಟಿಂಗಿಗೆ ಸೀಳು ಇಲ್ಲದ್ದರಿಂದ ಊರಿನ ಎಲ್‌ಇಡಿ ಬೆಳಕು ಗೆರೆಯಾಗಿ ಕಾಣದೆ ಇಡೀ ಚಿತ್ರಕ್ಕೆ ಮಬ್ಬಾಗಿ ಹರಡುತ್ತದೆ, ಮಂದ ಕ್ವೇಸಾರ್ ಅದರಲ್ಲಿ ಮುಳುಗುತ್ತದೆ. ಆನಗೋಡು, ಭರಮಸಾಗರ ಕಡೆಯ ಹೊಲಗಳು ಒಳ್ಳೆಯವು. ಚಿತ್ರದುರ್ಗದ ಬಂಡೆಗಳ ಬುಡ ಚೆನ್ನಾಗಿ ಕಂಡರೂ ಬೇಡ: ಹಗಲೆಲ್ಲ ಕಾದ ಕಲ್ಲು ಮಧ್ಯರಾತ್ರಿವರೆಗೆ ಬಿಸಿ ಬಿಡುತ್ತಿರುತ್ತದೆ, ನಕ್ಷತ್ರದ ಬಿಂಬ ಕುದಿಯುವಂತೆ ಅಲುಗುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರಗಳಿಗೆ ಒಪ್ಪುವ ಗಾಳಿ 200 ಮಿ.ಮೀ. ನ್ಯೂಟೋನಿಯನ್‌ಗೆ ಒಪ್ಪುವುದಿಲ್ಲ. ಬಯಲಲ್ಲಿ, ಗಾಳಿಗೆ ಮರೆಯಾಗಿ ಬೇಲಿಯ ಪಕ್ಕ ನಿಲ್ಲಿಸುವುದೇ ಸರಿ.

3ಸಿ 273

ಕನ್ಯಾರಾಶಿಯಲ್ಲಿ, ವಿಷುವಾಂಶ (ಆಕಾಶದ ರೇಖಾಂಶ) 12 ಗಂಟೆ 29 ನಿಮಿಷ, ಘಂಟಾವೃತ್ತಾಂಶ (ಆಕಾಶದ ಅಕ್ಷಾಂಶ) ಉತ್ತರ 2 ಡಿಗ್ರಿ 3 ಮಿನಿಟು. ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂದ) ಸುಮಾರು 12.9. ಮಾರ್ಟನ್ ಸ್ಮಿಟ್ 1963ರಲ್ಲಿ ಇದರ ಗೆರೆಗಳು 0.158 ರೆಡ್‌ಶಿಫ್ಟ್ ಆದ ಹೈಡ್ರೋಜನ್ ಎಂದು ಗುರುತಿಸಿದ ಮೇಲೆಯೇ ಕ್ವೇಸಾರ್‌ಗಳು ಎಷ್ಟು ದೂರದವು ಎಂದು ತಿಳಿದದ್ದು. ನಮ್ಮಲ್ಲಿ ಇದು ನೆತ್ತಿಯಿಂದ ಹನ್ನೆರಡೂವರೆ ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ, ಮಾರ್ಚ್ ಕೊನೆಯ ವಾರದಲ್ಲಿ ರಾತ್ರಿ 12.30ರ ಸುಮಾರಿಗೆ. ಯುಗಾದಿ ಅಮಾವಾಸ್ಯೆಯ ಅಕ್ಕಪಕ್ಕದ ರಾತ್ರಿಗಳಿಗಿಂತ ಒಳ್ಳೆಯ ಹೊತ್ತು ಬೇಕಿಲ್ಲ. ಚಂದ್ರನಿಲ್ಲ, ಕ್ವೇಸಾರ್ ನೆತ್ತಿಯ ಹತ್ತಿರ, ಅಡ್ಡಮಳೆಯ ಮೋಡ ಇನ್ನೂ ಶುರುವಾಗಿರುವುದಿಲ್ಲ.

ಹೋಲಿಕೆಗೆ ಪಕ್ಕದಲ್ಲೇ ಈಟಾ ಕನ್ಯಾ ನಕ್ಷತ್ರ ಇದೆ: ರೋಹಿತದ ಪ್ರಕಾರ ಎ2 ವರ್ಗ, ಕಾಂತಿಮಾನ 3.9, ಕ್ವೇಸಾರ್‌ನಿಂದ ಮೂರೂವರೆ ಡಿಗ್ರಿ. ಇದರ ಹೈಡ್ರೋಜನ್ ತಗ್ಗುಗಳು ಆಳವಾಗಿ ಸ್ಪಷ್ಟವಾಗಿ ಇರುತ್ತವೆ. ಫೋಕಸ್ ಮಾಡುವುದೂ ಇದರಲ್ಲೇ. ನೇರ ಬಿಂಬವನ್ನು ಚುಕ್ಕಿಯಾಗಿಸಿ ನಿಲ್ಲಿಸಿದರೆ ರೋಹಿತ ಫೋಕಸ್‌ನಲ್ಲಿ ಇರುವುದಿಲ್ಲ, ಎರಡರ ಫೋಕಸ್ ತಲ ಒಂದೇ ಅಲ್ಲ. ಹೈಡ್ರೋಜನ್ ಬೀಟಾ (ಹೈಡ್ರೋಜನ್ ಗೆರೆಗಳಿಗೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ಹೆಸರು) ತಗ್ಗು ಅತಿ ಚುರುಕಾಗುವ ಕಡೆ ನಿಲ್ಲಿಸಿ ಬೀಗ ಹಾಕಿ, ಮತ್ತೆ ಮುಟ್ಟಬೇಡಿ. 60 ಮಿ.ಮೀ. ದೂರದಲ್ಲಿ ಈ ತಗ್ಗು (4861 ಆಂಗ್‌ಸ್ಟ್ರಾಮ್) ನೇರ ಬಿಂಬದಿಂದ 775ನೇ ಪಿಕ್ಸೆಲ್ಲಿನ ಹತ್ತಿರ ಬರಬೇಕು. 760ರಲ್ಲಿ ಬಂದರೆ ನಿಮ್ಮ ದೂರ 58.8 ಮಿ.ಮೀ. ಎಂದು ಅರ್ಥ. ಅದೂ ಪರವಾಗಿಲ್ಲ, ಅಳೆದದ್ದನ್ನು ಬರೆದಿಡಿ.

ಕ್ವೇಸಾರ್‌ಗೆ 60 ಸೆಕೆಂಡಿನ 60 ಚಿತ್ರ, ಅದೇ ತಾಪಮಾನದಲ್ಲಿ 20 ಡಾರ್ಕ್ (ಬೆಳಕು ಮುಚ್ಚಿ ತೆಗೆದ ಚಿತ್ರ). ನಡುನಡುವೆ ಈಟಾ ಕನ್ಯಾಗೆ ಹೋಗಿ ಅರ್ಧ ಸೆಕೆಂಡಿನ ಹತ್ತು ಚಿತ್ರ. ಪ್ರತಿ 15 ಚಿತ್ರಕ್ಕೊಮ್ಮೆ ದೂರದರ್ಶಕವನ್ನು ರೋಹಿತದ ಉದ್ದಕ್ಕೆ 30–40 ಪಿಕ್ಸೆಲ್ ಸರಿಸಿ. ಸೆನ್ಸರ್ ಮೇಲಿನ ಧೂಳಿನ ಕಣ ರೋಹಿತದ ಮೇಲೆ ಕೂತರೆ ಥೇಟ್ ಹೀರಿಕೆ ಗೆರೆಯಂತೆಯೇ ಕಾಣುತ್ತದೆ, ಮಾರ್ಚ್‌ನಲ್ಲಿ ಉತ್ತ ಎರೆಹೊಲದ ಧೂಳಿಗೆ ಕಮ್ಮಿ ಇಲ್ಲ. ಸರಿಸಿದಾಗ ತಗ್ಗು ಅದೇ ಪಿಕ್ಸೆಲ್‌ನಲ್ಲಿ ಉಳಿದರೆ ಅದು ಧೂಳು. ಚಿತ್ರಗಳನ್ನು ಕೂಡಿಸುವಾಗ ಕ್ವೇಸಾರ್‌ನ ನೇರ ಬಿಂಬವನ್ನೇ ಆಧಾರವಾಗಿಟ್ಟುಕೊಳ್ಳಿ.

ರೋಹಿತದ ಪಟ್ಟಿಯ ಮೇಲೆ ಕೆಳಗೆ ಸಮ ದೂರದ ಎರಡು ಪಟ್ಟಿಗಳಿಂದ ಹಿನ್ನೆಲೆ ಕಳೆದು, ಅಡ್ಡಕ್ಕೆ ಕೂಡಿಸಿ ಗ್ರಾಫ್ ತೆಗೆದರೆ ಕ್ವೇಸಾರ್‌ನ ಹೊಳೆಯುವ ಗೆರೆಗಳು ದಿಬ್ಬಗಳಾಗಿ ಕಾಣಬೇಕು: ಹೈಡ್ರೋಜನ್ ಬೀಟಾ 5629 ಆಂಗ್‌ಸ್ಟ್ರಾಮ್‌ನಲ್ಲಿ, ಗಾಮಾ 5026ರಲ್ಲಿ, ಡೆಲ್ಟಾ 4750ರಲ್ಲಿ. ಬೀಟಾ ದಿಬ್ಬ 898ನೇ ಪಿಕ್ಸೆಲ್ಲಿನ ಹತ್ತಿರ. 5629ನ್ನು 4861ರಿಂದ ಭಾಗಿಸಿ 1 ಕಳೆದರೆ 0.158. ದಿಬ್ಬದ ನೆತ್ತಿ ಗುರುತಿಸುವಲ್ಲಿ ಮೂರು ಪಿಕ್ಸೆಲ್ ಆಚೀಚೆ ಆದರೆ ರೆಡ್‌ಶಿಫ್ಟ್‌ನಲ್ಲಿ 0.004 ವ್ಯತ್ಯಾಸ. ಒಂದು ಹೊಲದಲ್ಲಿ ನಿಂತು ಇನ್ನೂರು ಕೋಟಿ ಜ್ಯೋತಿರ್ವರ್ಷದಾಚೆಯ ದೂರವನ್ನು ಇಷ್ಟು ಬಿಗಿಯಾಗಿ ಹಿಡಿಯಬಹುದು ಅನ್ನುವುದು ನಿಜಕ್ಕೂ ದೊಡ್ಡ ವಿಷಯ.

ಎಲ್ಲಕ್ಕಿಂತ ಗಟ್ಟಿಯಾದ ಆಲ್ಫಾ ದಿಬ್ಬ ಬೀಳುವುದು ಸುಮಾರು 7600ರಲ್ಲಿ. ಅಲ್ಲೇ ನಮ್ಮ ಗಾಳಿಯ ಆಮ್ಲಜನಕದ ಎ ಪಟ್ಟಿಯೂ ಇದೆ, 7594ರಿಂದ ಶುರು. ಹಾಗಾಗಿ ದಿಬ್ಬದ ನೆತ್ತಿಯನ್ನೇ ಕೊರೆದಂತೆ ಒಂದು ತಗ್ಗು ಕಾಣುತ್ತದೆ, ಹೊಸಬರು ಅದನ್ನು ಕ್ವೇಸಾರ್ ಮುಂದಿನ ಅನಿಲ ಎಂದುಕೊಳ್ಳುತ್ತಾರೆ. ಈಟಾ ಕನ್ಯಾದ ರೋಹಿತದಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು ಇರುತ್ತದೆ. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ದಿಬ್ಬ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಇದೇ ಜಾಗಕ್ಕೆ ಇನ್ನೊಂದು ಕಾಟ: 3800 ಆಂಗ್‌ಸ್ಟ್ರಾಮ್‌ನ ನೀಲಿ ಬೆಳಕಿನ ಎರಡನೇ ಕ್ರಮ (ಗ್ರೇಟಿಂಗ್ ಎರಡು ಪಟ್ಟು ದೂರದಲ್ಲಿ ಬೀಳಿಸುವ ಇನ್ನೊಂದು ರೋಹಿತ) ಬಂದು 7600ರ ಮೇಲೆ ಕೂರುತ್ತದೆ. 5000ಕ್ಕಿಂತ ಕೆಳಗಿನದನ್ನು ತಡೆಯುವ ಹಳದಿ ಫಿಲ್ಟರ್ ಹಾಕಿ ಕೆಂಪು ಭಾಗವನ್ನು ಬೇರೆಯಾಗಿ ತೆಗೆಯಿರಿ.

ಹಾಗಾದರೆ 3ಸಿ 273ರ ದಾರಿಯಲ್ಲಿ ಅನಿಲವೇ ಇಲ್ಲವೇ? ಇದೆ. 1991ರಲ್ಲಿ ಹಬಲ್ ದೂರದರ್ಶಕ ಇದರ ನೇರಳಾತೀತ ರೋಹಿತದಲ್ಲಿ, ಕನ್ಯಾ ಗ್ಯಾಲಕ್ಸಿ ಗುಚ್ಛದ ದೂರಕ್ಕೆ ಸರಿಹೊಂದುವ ಹೈಡ್ರೋಜನ್ ಲೈಮನ್ ಆಲ್ಫಾ ತಗ್ಗುಗಳನ್ನು ಕಂಡಿತು. ಅವು 1220 ಆಂಗ್‌ಸ್ಟ್ರಾಮ್ ಆಸುಪಾಸಿನವು, ನಮ್ಮ ಗಾಳಿ ಅಷ್ಟು ಕಿರು ತರಂಗಾಂತರದ ಬೆಳಕನ್ನು ಕೆಳಗೆ ಬಿಡುವುದೇ ಇಲ್ಲ.

ನೆಲದಿಂದಲೇ ಲೈಮನ್ ಆಲ್ಫಾ ನೋಡಬೇಕೆಂದರೆ ಎಪಿಎಂ 08279+5255 ಎಂಬ ಕ್ವೇಸಾರ್ ಇದೆ. ರೆಡ್‌ಶಿಫ್ಟ್ 3.91, ಕಾಂತಿಮಾನ 15ರ ಹತ್ತಿರ. ನಡುವಿನ ವಸ್ತುವಿನ ಗುರುತ್ವ ಮಸೂರದಂತೆ ಬೆಳಕನ್ನು ಬಾಗಿಸಿ ಹಿಗ್ಗಿಸುವುದರಿಂದಲೇ ಇಷ್ಟು ಹೊಳಪು. ಅವರಾತ್ರಿ ಅಮಾವಾಸ್ಯೆಯ ಹೊತ್ತಿಗೆ ಮಧ್ಯರಾತ್ರಿ ಉತ್ತರದಲ್ಲಿ 52 ಡಿಗ್ರಿ ಎತ್ತರ ಬರುತ್ತದೆ. ಇದರ ಲೈಮನ್ ಆಲ್ಫಾ 5969ರಲ್ಲಿ. ಅದರ ನೀಲಿ ಬದಿಯಲ್ಲಿ ದಾರಿಯುದ್ದದ ಹೈಡ್ರೋಜನ್ ಬೆಳಕನ್ನು ಕಡಿದು ಹಾಕಿರುವುದರಿಂದ ರೋಹಿತ ಮೆಟ್ಟಿಲಿನಂತೆ ಕುಸಿಯುತ್ತದೆ. ಒಂದೊಂದೇ ಗೆರೆ ಬಿಡಿಸಿಕೊಳ್ಳುವುದಿಲ್ಲ, ಕುಸಿತ ಮಾತ್ರ ಕಾಣುತ್ತದೆ. ಮೂರು ಗಂಟೆಯಷ್ಟು ಚಿತ್ರ ಕೂಡಿಸಬೇಕು.

ಸ್ಲೋನ್ ಕಡತಗಳು

ಇನ್ನು ಗ್ಯಾಲಕ್ಸಿ ಸುತ್ತಲಿನ ಅನಿಲ. ಸ್ಲೋನ್ ಸರ್ವೆಯ 2.5 ಮೀಟರ್ ದೂರದರ್ಶಕ ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನಲ್ಲಿದೆ. ಅದರ 16ನೇ ಬಿಡುಗಡೆಯ ಕ್ವೇಸಾರ್ ಪಟ್ಟಿಯಲ್ಲಿ 7,50,414 ಕ್ವೇಸಾರ್‌ಗಳಿವೆ, ರೋಹಿತಗಳು ಉಚಿತ. ಪ್ಲೇಟ್ (ಬೆಳಕು ಒಯ್ಯುವ ಫೈಬರ್‌ಗಳನ್ನು ಸಿಕ್ಕಿಸುವ ತೂತಿನ ತಟ್ಟೆ), ದಿನಾಂಕ, ಫೈಬರ್ ಸಂಖ್ಯೆಗಳಿಂದ ಹೆಸರಿಟ್ಟ, ಫಿಟ್ಸ್ ಎಂಬ ಖಗೋಳ ಮಾಹಿತಿ ರೂಪದ ಕಡತ ಸಿಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಆಸ್ಟ್ರೋಪೈ ತಂತ್ರಾಂಶದಲ್ಲಿ ತೆರೆದರೆ ಮೊದಲ ಕೋಷ್ಟಕದಲ್ಲಿ ಬೇಕಾದ ಮೂರು ಕಂಬಸಾಲುಗಳಿರುತ್ತವೆ: ಫ್ಲಕ್ಸ್ (ಬಂದ ಬೆಳಕಿನ ಪ್ರಮಾಣ), ತರಂಗಾಂತರದ ಲಾಗರಿತಮ್, ಮತ್ತು ದೋಷದ ವರ್ಗದ ವಿಲೋಮ. ಮೂರನೆಯದು ಸೊನ್ನೆ ಇದ್ದ ಕಡೆ ಆ ಪಿಕ್ಸೆಲ್ ಸತ್ತಂತೆ, ಮೊದಲೇ ತೆಗೆದುಹಾಕಿ.

ಹುಡುಕಾಟದಲ್ಲಿ ಹಾಕುವ ಷರತ್ತುಗಳು: ವರ್ಗ ಕ್ವೇಸಾರ್, ರೆಡ್‌ಶಿಫ್ಟ್ 1ರಿಂದ 2, ರೆಡ್‌ಶಿಫ್ಟ್ ಎಚ್ಚರಿಕೆ (ಅಳತೆ ಅನುಮಾನದ್ದು ಎಂಬ ಗುರುತು) ಸೊನ್ನೆ, ಸಿಗ್ನಲ್-ನಾಯ್ಸ್ ಅನುಪಾತ (ಬೆಳಕು ಅದರ ದೋಷದ ಎಷ್ಟು ಪಟ್ಟು ಎಂಬುದು) 20ಕ್ಕಿಂತ ಹೆಚ್ಚು. ಕೊನೆಯದು ಯಾಕೆಂದು ಮುಂದೆ ಲೆಕ್ಕದಲ್ಲಿ ಬರುತ್ತದೆ.

ಅಯಾನೀಕೃತ ಮೆಗ್ನೀಸಿಯಂಗೆ ಎರಡು ಗೆರೆ, 2796.35 ಮತ್ತು 2803.53. ಸುಮಾರು 10,000 ಡಿಗ್ರಿಯ ‘ತಂಪು’ ಅನಿಲದ ಗುರುತು ಇದು. ಸ್ಲೋನ್ ಪಿಕ್ಸೆಲ್‌ಗಳು ಲಾಗರಿತಮ್‌ನಲ್ಲಿ ಸಮ ಅಂತರ, ಪ್ರತಿಯೊಂದೂ ಸೆಕೆಂಡಿಗೆ 69 ಕಿ.ಮೀ. ಆದ್ದರಿಂದ ರೆಡ್‌ಶಿಫ್ಟ್ ಎಷ್ಟೇ ಇರಲಿ, ಈ ಜೋಡಿಯ ನಡುವಿನ ಅಂತರ ಯಾವಾಗಲೂ 11 ಪಿಕ್ಸೆಲ್. ಇಂಗಾಲದ ಜೋಡಿ (1548.20, 1550.78) 7 ಪಿಕ್ಸೆಲ್. ಸಿಲಿಕಾನ್ ಜೋಡಿ (1393.76, 1402.77) 28. ನಮ್ಮದೇ ಗಾಳಿಯ, ಊರದೀಪದ ಸೋಡಿಯಂ ಜೋಡಿ 4ಕ್ಕೆ ಸ್ವಲ್ಪ ಮೇಲೆ. ತಗ್ಗಿನ ಜೋಡಿ ಕಂಡಾಗ ಮೊದಲು ಪಿಕ್ಸೆಲ್ ಎಣಿಸಿ. ಅರ್ಧಕ್ಕರ್ಧ ಅನುಮಾನ ಅಲ್ಲೇ ತೀರುತ್ತದೆ.

11 ಪಿಕ್ಸೆಲ್ ಜೋಡಿಯಲ್ಲಿ ನೀಲಿ ಕಡೆಯದು ಕೆಂಪು ಕಡೆಯದಕ್ಕಿಂತ ದೊಡ್ಡದಿರಬೇಕು, ಅನುಪಾತ 1ರಿಂದ 2ರ ನಡುವೆ. ಕೆಂಪು ಕಡೆಯದೇ ದೊಡ್ಡದಿದ್ದರೆ ಅದು ಮೆಗ್ನೀಸಿಯಂ ಅಲ್ಲ, ಅಥವಾ ಇನ್ನೊಂದು ಗೆರೆ ಬಂದು ಬೆರೆತಿದೆ. ಆಮೇಲೆ ಕಬ್ಬಿಣ. ಉದಾಹರಣೆಗೆ ಜೋಡಿ 5592.70 ಮತ್ತು 5607.06ರಲ್ಲಿದ್ದರೆ ರೆಡ್‌ಶಿಫ್ಟ್ 1.000, ಆಗ ಅಯಾನೀಕೃತ ಕಬ್ಬಿಣದ ಗೆರೆಗಳು 5200.34, 4765.52, 4688.42ರಲ್ಲಿ, ತಟಸ್ಥ ಮೆಗ್ನೀಸಿಯಂ 5705.92ರಲ್ಲಿ ಕಾಣಬೇಕು. ಕಬ್ಬಿಣದ ಒಂದು ಗೆರೆಯಾದರೂ ಕೂಡಿಬರದ ಹೊರತು ದುರ್ಬಲ ಜೋಡಿಯನ್ನು ಪಟ್ಟಿಗೆ ಸೇರಿಸಬೇಡಿ.

ಹುಡುಕಬಾರದ ಜಾಗಗಳೂ ಇವೆ. ಕ್ವೇಸಾರ್‌ನ ಸ್ವಂತ ಲೈಮನ್ ಆಲ್ಫಾಕ್ಕಿಂತ ನೀಲಿ ಭಾಗ ಹೈಡ್ರೋಜನ್ ಗೆರೆಗಳ ಕಾಡು, ಅಲ್ಲಿ 11 ಪಿಕ್ಸೆಲ್ ಜೋಡಿ ಆಕಸ್ಮಿಕವಾಗಿಯೇ ಸಿಗುತ್ತದೆ. ಕ್ವೇಸಾರ್ ರೆಡ್‌ಶಿಫ್ಟ್‌ನಿಂದ ಸೆಕೆಂಡಿಗೆ 5000 ಕಿ.ಮೀ. ಒಳಗಿನ ತಗ್ಗು ಕ್ವೇಸಾರ್‌ನದೇ ಅನಿಲ ಇರಬಹುದು. 5578ರ ಸುತ್ತ ವಾತಾವರಣದ ಆಮ್ಲಜನಕದ ಹೊಳಪು ಕಳೆದ ಗಾಯ ಉಳಿದಿರುತ್ತದೆ. 7200 ದಾಟಿದ ಮೇಲೆ ಹೈಡ್ರಾಕ್ಸಿಲ್ ಗೆರೆಗಳ ಗಾಯ. 5800–6150ರಲ್ಲಿ ನೀಲಿ ಮತ್ತು ಕೆಂಪು ಕ್ಯಾಮೆರಾಗಳ ಹೊಲಿಗೆ ಇದೆ. ಅಲ್ಲಿ ಸಿಕ್ಕ ಜೋಡಿಗೆ ಪೂರ್ಣ ಕಡತ ಇಳಿಸಿಕೊಂಡು, ಬಿಡಿಬಿಡಿ ಎಕ್ಸ್‌ಪೋಶರ್‌ಗಳಲ್ಲೂ ಎರಡೂ ಕ್ಯಾಮೆರಾಗಳಲ್ಲೂ ತಗ್ಗು ಇದೆಯೇ ನೋಡಿ. ಒಂದೇ ಎಕ್ಸ್‌ಪೋಶರ್‌ನಲ್ಲಿ ಇದ್ದರೆ ಅದು ಕಡತದ ದೋಷ. ಹೊಲದಲ್ಲಿ ದೂರದರ್ಶಕ ಸರಿಸಿ ಧೂಳು ಹಿಡಿದದ್ದೂ ಇದೇ ಪರೀಕ್ಷೆ.

ಅಳತೆ

ತಗ್ಗು ಇಲ್ಲದಿದ್ದರೆ ಕ್ವೇಸಾರ್ ಬೆಳಕು ಎಷ್ಟಿರುತ್ತಿತ್ತು ಎಂಬ ಗೆರೆ ಮೊದಲು ಎಳೆಯಬೇಕು. 80–100 ಪಿಕ್ಸೆಲ್ ಕಿಟಕಿಯ ಮೀಡಿಯನ್ (ನಡುಬೆಲೆ) ಹಾಯಿಸಿ, ಅದರಿಂದ ತೀರಾ ಕೆಳಗಿರುವ ಪಿಕ್ಸೆಲ್‌ಗಳನ್ನು ತೆಗೆದು, ಮತ್ತೆ ಹಾಯಿಸಿ; ಮೂರು ಸುತ್ತು ಸಾಕು. ಕಿಟಕಿ 20 ಪಿಕ್ಸೆಲ್‌ಗೆ ಇಳಿಸಿದರೆ ಗೆರೆ ತಗ್ಗಿನೊಳಗೇ ಇಳಿದುಹೋಗಿ ಅನಿಲ ಕಮ್ಮಿ ಕಾಣುತ್ತದೆ. ಕ್ವೇಸಾರ್‌ನ ಅಗಲ ದಿಬ್ಬದ ಮೇಲೆ ತಗ್ಗು ಬಿದ್ದಿದ್ದರೆ ಮೀಡಿಯನ್ ದಿಬ್ಬದ ತಲೆ ಕತ್ತರಿಸುತ್ತದೆ, ಅಲ್ಲಿ ಕೈಯಾರೆ ಸ್ಪ್ಲೈನ್ (ನುಣುಪಾದ ವಕ್ರರೇಖೆ) ಎಳೆಯಬೇಕು.

ಆಮೇಲೆ ಪ್ರತಿ ಪಿಕ್ಸೆಲ್‌ನಲ್ಲಿ ಫ್ಲಕ್ಸನ್ನು ಈಗ ಎಳೆದ ಗೆರೆಯ ಬೆಲೆಯಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆದು, ಪಿಕ್ಸೆಲ್ ಅಗಲದಿಂದ ಗುಣಿಸಿ, ಕೂಡಿಸಿ. ಪಿಕ್ಸೆಲ್ ಅಗಲ ಅಂದರೆ ತರಂಗಾಂತರದ 0.00023 ಪಾಲು, 5600ರಲ್ಲಿ 1.29 ಆಂಗ್‌ಸ್ಟ್ರಾಮ್. ಬಂದ ಮೊತ್ತವನ್ನು 1 ಕೂಡಿಸಿದ ರೆಡ್‌ಶಿಫ್ಟ್‌ನಿಂದ ಭಾಗಿಸಿದರೆ ಸ್ವಸ್ಥಾನದ ಸಮಾನ ಅಗಲ (ತಗ್ಗಿನಷ್ಟೇ ವಿಸ್ತೀರ್ಣದ, ಪೂರ್ತಿ ಕಪ್ಪಾದ ಪಟ್ಟಿಯ ಅಗಲ). 8 ಪಿಕ್ಸೆಲ್ ಕೂಡಿಸುವಾಗ ಸಿಗ್ನಲ್-ನಾಯ್ಸ್ 10 ಇದ್ದರೆ ದೋಷ 1.29 × 0.1 × 8ರ ವರ್ಗಮೂಲ, ಅಂದರೆ 0.36; ರೆಡ್‌ಶಿಫ್ಟ್ 1ಕ್ಕೆ ಸ್ವಸ್ಥಾನದಲ್ಲಿ 0.18. ಮೂರು ಪಟ್ಟು ದೋಷ ದಾಟಿದ್ದನ್ನಷ್ಟೇ ನಂಬುವುದಾದರೆ 0.55ಕ್ಕಿಂತ ಚಿಕ್ಕದನ್ನು ಹೇಳುವಂತಿಲ್ಲ. ಸಿಗ್ನಲ್-ನಾಯ್ಸ್ 20ಕ್ಕೆ ಏರಿದರೆ ಮಿತಿ 0.27ಕ್ಕೆ ಇಳಿಯುತ್ತದೆ. ಷರತ್ತಿನಲ್ಲಿ 20 ಹಾಕಿದ್ದು ಇದಕ್ಕೇ.

ತಗ್ಗಿನ ಆಳವನ್ನು ನಂಬಬೇಡಿ, ವಿಸ್ತೀರ್ಣವನ್ನು ನಂಬಿ. ಸ್ಲೋನ್ ರೋಹಿತಮಾಪಕ ಸೆಕೆಂಡಿಗೆ 150 ಕಿ.ಮೀ.ಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾರದು. ಒಂದೊಂದು ಅನಿಲ ಮೋಡದ ಗೆರೆಯ ಅಗಲ ಅದರಲ್ಲಿ ಕೆಲವೇ ಕಿ.ಮೀ. ಅರ್ಧ ಆಳದ ನುಣುಪಾದ ಒಂದು ತಗ್ಗಿನೊಳಗೆ, ಪೂರ್ತಿ ಕಪ್ಪಾದ ಹತ್ತಾರು ಕಿರಿದಾದ ಗೆರೆಗಳು ಅಡಗಿರಬಹುದು. ವಿಸ್ತೀರ್ಣ ಮಾತ್ರ ಯಾವ ಉಪಕರಣದಲ್ಲೂ ಬದಲಾಗುವುದಿಲ್ಲ. ದುರ್ಬಲ ಗೆರೆಗೆ, ಸಮಾನ ಅಗಲದ ಪ್ರತಿ ಆಂಗ್‌ಸ್ಟ್ರಾಮ್‌ಗೆ ಚದರ ಸೆಂ.ಮೀ.ಗೆ 2.35 × 10ರ ಘಾತ 13 ಮೆಗ್ನೀಸಿಯಂ ಅಯಾನು ಎಂಬ ಲೆಕ್ಕ ನಡೆಯುತ್ತದೆ. ಜೋಡಿಯ ಅನುಪಾತ 2ರ ಹತ್ತಿರ ಇದ್ದರೆ ಮಾತ್ರ ಈ ಲೆಕ್ಕ ಹಾಕಿ. ಅನುಪಾತ 1ಕ್ಕೆ ಇಳಿದಿದ್ದರೆ ಗೆರೆ ತುಂಬಿಹೋಗಿದೆ, ಬಂದ ಸಂಖ್ಯೆ ಕನಿಷ್ಠ ಮಿತಿ ಅಷ್ಟೆ. ಆಗ ಅಗಲ ಹೇಳುವುದು ವೇಗದ ಕಥೆ: ಪೂರ್ತಿ ಕಪ್ಪಾದ 1 ಆಂಗ್‌ಸ್ಟ್ರಾಮ್ ಅಂದರೆ ಸೆಕೆಂಡಿಗೆ 107 ಕಿ.ಮೀ. 1.2 ಆಂಗ್‌ಸ್ಟ್ರಾಮ್ ಬಂದರೆ ಆ ಗ್ಯಾಲಕ್ಸಿಯ ಅನಿಲ ಕಮ್ಮಿ ಎಂದರೂ 130 ಕಿ.ಮೀ. ವ್ಯಾಪ್ತಿಯಲ್ಲಿ ಓಡಾಡುತ್ತಿದೆ ಎಂದರ್ಥ.

ಗ್ಯಾಲಕ್ಸಿಗೆ ಜೋಡಿಸುವುದು

ಇದಕ್ಕೆ 0.4ರಿಂದ 0.6 ರೆಡ್‌ಶಿಫ್ಟ್‌ನ ತಗ್ಗುಗಳನ್ನೇ ಆರಿಸಿ, ಅದಕ್ಕಿಂತ ದೂರದ ಗ್ಯಾಲಕ್ಸಿ ಚಿತ್ರದಲ್ಲಿ ಕಾಣುವುದು ಕಷ್ಟ. ಆಕಾಶದ ಚಿತ್ರಗಳನ್ನು ಸಾರ್ವಜನಿಕವಾಗಿ ಇಟ್ಟಿರುವ ಲೆಗಸಿ ಸರ್ವೆಯ ಚಿತ್ರ ತೆರೆದು ಕ್ವೇಸಾರ್ ಸುತ್ತ 20 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ನೋಡಿ. ರೆಡ್‌ಶಿಫ್ಟ್ 0.5ರಲ್ಲಿ 1 ಆರ್ಕ್‌ಸೆಕೆಂಡ್ ಅಂದರೆ ಸುಮಾರು 6 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3260 ಜ್ಯೋತಿರ್ವರ್ಷ). 10 ಆರ್ಕ್‌ಸೆಕೆಂಡ್ ದೂರದ ಗ್ಯಾಲಕ್ಸಿಯಾದರೆ ಬೆಳಕು ಅದರ ಕೇಂದ್ರದಿಂದ ಎರಡು ಲಕ್ಷ ಜ್ಯೋತಿರ್ವರ್ಷ ಆಚೆ ಹಾದಿದೆ. ಹತ್ತಿರ ಇದ್ದ ಮಾತ್ರಕ್ಕೆ ಅದೇ ಕಾರಣ ಎನ್ನುವಂತಿಲ್ಲ, ಗ್ಯಾಲಕ್ಸಿಗೂ ರೋಹಿತದಿಂದ ಅಳೆದ ರೆಡ್‌ಶಿಫ್ಟ್ ಇರಬೇಕು. ಬರಿ ಬಣ್ಣದಿಂದ ಅಂದಾಜು ಮಾಡಿದ ರೆಡ್‌ಶಿಫ್ಟ್ ಇದಕ್ಕೆ ಸಾಲದು.

ಎರಡನ್ನೂ ಹೋಲಿಸುವಾಗ ಸದ್ದಿಲ್ಲದೆ ನುಸುಳುವ ತಪ್ಪು ಒಂದಿದೆ. ಸ್ಲೋನ್ ತರಂಗಾಂತರಗಳು ನಿರ್ವಾತದವು. ಹಳೆಯ ಗೆರೆಪಟ್ಟಿಗಳಲ್ಲಿ ಗಾಳಿಯೊಳಗಿನ ಬೆಲೆಗಳಿರುತ್ತವೆ: 2795.53, 2802.70. ಅವನ್ನು ಬಳಸಿದರೂ ಜೋಡಿ ಚೆನ್ನಾಗಿ ಕೂರುತ್ತದೆ, 11 ಪಿಕ್ಸೆಲ್ಲೂ ಸರಿಯಾಗೇ ಬರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಗ್ಯಾಲಕ್ಸಿಯ ರೆಡ್‌ಶಿಫ್ಟ್ ಪಕ್ಕದಲ್ಲಿಟ್ಟಾಗ ಅನಿಲ ಸೆಕೆಂಡಿಗೆ 88 ಕಿ.ಮೀ. ವೇಗದಲ್ಲಿ ನಮ್ಮಿಂದಾಚೆ ಸರಿಯುತ್ತಿರುವಂತೆ ತೋರುತ್ತದೆ. ಗ್ಯಾಲಕ್ಸಿಗಳ ಸುತ್ತ ನಿಜವಾಗಿ ಸಿಗುವ ವೇಗಗಳೂ ಇದೇ ಪ್ರಮಾಣದವು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಿಮ್ಮ ಪಟ್ಟಿಯ ಎಲ್ಲ ಗ್ಯಾಲಕ್ಸಿಗಳಲ್ಲೂ ಅನಿಲ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮೊದಲು ಗೆರೆಪಟ್ಟಿ ತೆಗೆದು ನೋಡಿ.

ಗ್ಯಾಲಕ್ಸಿ ಹತ್ತಿರ ಇದ್ದೂ ತಗ್ಗು ಸಿಗದ ಕ್ವೇಸಾರ್‌ಗಳನ್ನು ಕೋಷ್ಟಕದಿಂದ ಬಿಡಬೇಡಿ. ಮೆಗ್ನೀಸಿಯಂ ಕಾಣದ ಕಡೆ ಅನಿಲವೇ ಇಲ್ಲ ಎಂದಲ್ಲ. ಹಬಲ್‌ನ ಕಾಸ್ ಎಂಬ ನೇರಳಾತೀತ ರೋಹಿತ ಉಪಕರಣ 2009ರ ನಂತರ ನೋಡಿದಾಗ, ನಕ್ಷತ್ರ ಹುಟ್ಟುತ್ತಿರುವ ಗ್ಯಾಲಕ್ಸಿಗಳ ಸುತ್ತ ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಹೇರಳವಾಗಿ ಸಿಕ್ಕಿತು, ನಕ್ಷತ್ರ ಹುಟ್ಟು ನಿಂತವುಗಳ ಸುತ್ತ ಅದು ಕಮ್ಮಿ. ಅದರ ಗೆರೆಗಳು 1031.93 ಮತ್ತು 1037.62ರಲ್ಲಿ, ಈ ರೆಡ್‌ಶಿಫ್ಟ್‌ಗಳಲ್ಲಿ ಸ್ಲೋನ್ ವ್ಯಾಪ್ತಿಗೆ ಬರುವುದೇ ಇಲ್ಲ. ಆದ್ದರಿಂದ ಅಂಥ ಸಾಲಿನಲ್ಲಿ ‘ಇಲ್ಲ’ ಎಂದು ಬರೆಯದೆ, ಆ ಜಾಗದ ಮೂರು ಪಟ್ಟು ದೋಷವನ್ನು ಗರಿಷ್ಠ ಮಿತಿಯಾಗಿ ಬರೆಯಿರಿ. ಜೊತೆಗೆ ಪ್ಲೇಟ್, ದಿನಾಂಕ, ಫೈಬರ್, ಮೀಡಿಯನ್ ಕಿಟಕಿಯ ಅಗಲ, ಯಾವ ಪಿಕ್ಸೆಲ್‌ನಿಂದ ಯಾವ ಪಿಕ್ಸೆಲ್‌ವರೆಗೆ ಕೂಡಿಸಿದ್ದು ಎಂಬುದೂ ಇರಲಿ. ಕಿಟಕಿಯ ಅಗಲ ಬದಲಿಸಿದರೆ ಸಮಾನ ಅಗಲವೂ ಬದಲಾಗುತ್ತದೆ, ಇನ್ನೊಬ್ಬರು ಅದೇ ಕಡತ ತೆರೆದು ಅದೇ ಸಂಖ್ಯೆ ಪಡೆಯಲು ಈ ಸಾಲು ಬೇಕು.